ಅಕ್ಕನ ಪುಟ, ತಂಗಿಯ ಪುಟ

ಕೆಂಪು ದೀಪ ಮಿಣುಕಿತಾ, ಇಲ್ಲ, ಕಣ್ಣಿನ ಭ್ರಮೆ, ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿದ ಹಾಗೇ ಇದೆ, ಒಳಗೆ ಅಕ್ಕ, ಹೃದಯದ ಕವಾಟ ಬದಲಾಯಿಸ್ತಾರಂತೆ, ಏನೋ ಕೊಳಾಯಿ ರಿಪೇರಿ ಅನ್ನೋ ಥರ ಹೇಳಿಬಿಟ್ಟರು ಡಾಕ್ಟರು — ತೊಡೆಯ ಮೇಲಿನ ಲ್ಯಾಪ್‌ಟಾಪು ಬಿಸಿ, ತಂಗಿಯ ಕೈ ಮಾತ್ರ ತಣ್ಣಗೆ, ಪಕ್ಕದಲ್ಲಿ ಭಾವ ಕಾಲು ಕುಣಿಸ್ತಾ ಕೂತಿದ್ದಾರೆ, ಈ ಹೊತ್ತಲ್ಲೂ ಅದೇನಮ್ಮ ಕುಟ್ಟೋದು, ಏನಿಲ್ಲ ಭಾವ, ಅಕ್ಕ ಕಣ್ಣು ಬಿಡೋಷ್ಟರಲ್ಲಿ ಒಂದು ಕೆಲಸ ಮುಗಿಸಬೇಕು. ಬಿಡಿಸಿ ಹೇಳೋದಾದರೂ ಹೇಗೆ? ಯಾರು ಬೇಕಾದರೂ ಬರೆಯಬಹುದಾದ ಆ ಅಂತರ್ಜಾಲದ ವಿಶ್ವಕೋಶದಲ್ಲಿ, ವಿದ್ಯಾರ್ಥಿಗಳಿಗೆ ಪುಕ್ಕಟೆ ಸಾಫ್ಟ್‌ವೇರ್ ಕೊಡೋ ಯೋಜನೆಗಳ ಬಗ್ಗೆ ಅಕ್ಕ ಒಂದು ಲೇಖನ ಬರೆದಳು, ಗೊತ್ತಿಲ್ಲದೆ ಇವಳೂ ಒಂದು ಬರೆದಳು, ಎರಡೂ ಒಂದೇ, ಸೇರಿಸಿಬಿಡಿ ಅಂತ ಯಾರೋ ಪುಣ್ಯಾತ್ಮ ಚೀಟಿ ಅಂಟಿಸಿದ, ಶುರುವಾಯ್ತು ರಂಪ — ಯಾರ ಪುಟ ಉಳಿಯಬೇಕು, ಯಾರದು ಬರೀ ಕೈಮರವಾಗಿ ಇನ್ನೊಂದರ ದಾರಿ ತೋರಿಸಬೇಕು? ಅಕ್ಕನ ಮೊದಲ ಸಾಲೇ ಇಂದಿನ ಗಣಕಯುಗದಲ್ಲಿ ಅಂತ, ಥೂ, ಇದೇನು ಶಾಲೆಯ ಪ್ರಬಂಧವಾ ಅಂತ ಚರ್ಚೆಯ ಪುಟದಲ್ಲಿ ಇವಳು ಎಲ್ಲರೆದುರು ಬರೆದುಬಿಟ್ಟಳು, ಅಕ್ಕನ ಉತ್ತರ ಬಂತು, ಮಾನ್ಯರೇ, ತಾವು ದಯವಿಟ್ಟು ಆಧಾರ ಒದಗಿಸಿ — ತಾವು! ಜಡೆ ಹಾಕಿ ಶಾಲೆಗೆ ಕಳಿಸಿದ ಅಕ್ಕ, ತಾವು! ಅವತ್ತಿಂದ ಮಾತಿಲ್ಲ ಕತೆಯಿಲ್ಲ, ಆಪರೇಷನ್ ಸುದ್ದಿ ಕೂಡ ಭಾವನ ಬಾಯಿಂದ, ಬೆಳಗ್ಗೆ ಸ್ಟ್ರೆಚರ್ ಪಕ್ಕ ಓಡುವಾಗ ಅಕ್ಕ ಏನೋ ಹೇಳೋಕೆ ಬಾಯಿ ತೆರೆದಳು, ಮಾತಾಡಬೇಡಿ ಅಂದಳು ನರ್ಸು, ಬಾಗಿಲು ಮುಚ್ಚಿತು.

ಸಾಕಪ್ಪಾ ಈ ಹಟ. ಇವಳು ತನ್ನ ಪುಟ ಪೂರ್ತಿ ಅಳಿಸಿದಳು, ಬದಲಿಗೆ ಒಂದೇ ಸಾಲು, ಅಕ್ಕನ ಪುಟಕ್ಕೆ ಹೋಗಿ ಅಂತ, ಕಾರಣದ ಜಾಗದಲ್ಲಿ ಅಕ್ಕನದೇ ಇರಲಿ ಅಂತ ಬರೆದು ಉಳಿಸು ಒತ್ತಿದಳು, ಎದೆ ಹಗುರಾಯ್ತು, ಅಕ್ಕ ಕಣ್ಣು ಬಿಟ್ಟಾಗ, ನೋಡೇ, ನಿನ್ನ ಗಣಕಯುಗವೇ ಗೆದ್ದಿತು ಅನ್ನಬೇಕು, ನಗಿಸಬೇಡ ಕಣೇ ಹೊಲಿಗೆ ನೋಯುತ್ತೆ ಅಂತಾಳೆ, ಅನ್ನಲಿ, ಅಂದರೆ ಸಾಕು — ಸರಿಯಾಗಿದೆಯಾ ನೋಡೋಣ ಅಂತ ಅಕ್ಕನ ಪುಟ ಒತ್ತಿದರೆ ಗಣಕಯುಗ ಇಲ್ಲ, ಏನೂ ಇಲ್ಲ, ಬಿಳಿ ಹಾಳೆ, ಕೈಮರದ ಒಂದು ಬಾಗಿದ ಬಾಣ, ಅದರ ಮುಂದೆ ಇವಳ ಲೇಖನದ ಹೆಸರು, ಅಯ್ಯೋ, ಏನು ಎಡವಟ್ಟು ಮಾಡಿದೆ, ಒತ್ತಿದಳು, ತನ್ನ ಪುಟ, ಬಾಗಿದ ಬಾಣ, ಅಕ್ಕನ ಲೇಖನದ ಹೆಸರು. ಅಕ್ಕನ ಪುಟದ ಬದಲಾವಣೆಗಳ ಇತಿಹಾಸ ತೆರೆದಳು. ಇವತ್ತು ಬೆಳಗ್ಗೆ, ವಾರ್ಡಿನ ಹಾಸಿಗೆಯಿಂದ, ಸೂಜಿ ಚುಚ್ಚಿದ ಕೈಯಲ್ಲೇ ಫೋನ್ ಹಿಡಿದು ಅಕ್ಕ ತನ್ನದನ್ನು ಅಳಿಸಿದ್ದಾಳೆ, ಕಾರಣ, ನನ್ನ ತಂಗಿ ಬರೆದದ್ದೇ ಚೆನ್ನಾಗಿದೆ. ತಂಗಿ ಅಂದಿದ್ದಾಳೆ, ಎಲ್ಲರೆದುರು — ಇವಳೋ ನಿನ್ನೆ ತೆರೆದಿಟ್ಟ ಹಳೇ ಪುಟವನ್ನೇ ನೋಡ್ತಾ ಕೂತಿದ್ದಳು, ಇನ್ನೊಂದು ಸಲ ತೆರೆದು ನೋಡೋ ಬುದ್ಧಿ ಬೇಡವಾ, ಈಗ ಎರಡೂ ಇಲ್ಲ. ಹಳೆಯದನ್ನ ತರೋದು ಒಂದು ಗುಂಡಿ ಒತ್ತೋ ಕೆಲಸ, ಆದರೆ ಯಾರದನ್ನ, ತನ್ನದನ್ನ ತಂದರೆ ಗೆದ್ದ ಹಾಗೆ, ಅಕ್ಕನದನ್ನ ತಂದರೆ ಅವಳು ಕೊಟ್ಟದ್ದನ್ನ ಮುಖಕ್ಕೆ ಎಸೆದ ಹಾಗೆ, ಅಕ್ಕನ್ನೇ ಕೇಳಬೇಕು, ಕೇಳೋಕೆ ಅಕ್ಕ ಬೇಕು — ಭಾವ ಎದ್ದು ನಿಂತರು, ಡಾಕ್ಟರು ಬಂದರು ಕಣಮ್ಮ, ಏಳು, ಇವಳಿಗೆ ತಲೆ ಎತ್ತೋಕಾಗ್ತಿಲ್ಲ, ಒತ್ತುತ್ತಾಳೆ, ಅಕ್ಕನ ಪುಟ, ಬಾಣ ಇವಳ ಕಡೆ, ಒತ್ತುತ್ತಾಳೆ, ಇವಳ ಪುಟ, ಬಾಣ ಅಕ್ಕನ ಕಡೆ, ಒತ್ತುತ್ತಾಳೆ, ಬಿಳಿ ಹಾಳೆ, ಆ ಬಾಗಿದ ಬಾಣ, ಆ ಬಾಗಿದ ಬಾಣ