ಅಕ್ಕ ಒತ್ತಿದ ಗಾಳಿ

ನಾನು ಹಾರ್ಮೋನಿಯಂ ಬಾರಿಸಲು ಕೂತರೆ ಎದುರು ಬೀದಿಯ ಟ್ರಾಫಿಕ್ ದೀಪ ಹಸಿರಾಗುವುದನ್ನೇ ಮರೆತು ನಿಂತುಬಿಡುತ್ತಿತ್ತು. ಒಮ್ಮೆ ಹಾಗೆ ನಿಂತ ಬಸ್ಸಿನಲ್ಲೇ ಒಬ್ಬಾಕೆಗೆ ಹೆರಿಗೆಯಾಗಿ, ಮಗು ಅತ್ತದ್ದೂ ನನ್ನ ಶ್ರುತಿಗೇ. ನಂಬದವರು ಆ ಮಗುವನ್ನೇ ಕೇಳಿ. ಈಗ ಅವನಿಗೆ ಮೀಸೆ ಬಂದಿದೆ.

ಇಂಥ ನಾನು, ಅಕ್ಕ ತೀರಿಕೊಂಡ ಮೇಲೆ ಅವಳ ಮಂಚದ ಕೆಳಗಿಂದ ನಮ್ಮ ಹಳೆಯ ಹಾರ್ಮೋನಿಯಂ ಪೆಟ್ಟಿಗೆಯನ್ನು ಎಳೆದು ಮುಂದೆ ಕೂತರೆ, ಅದು ಕಮಕ್ ಕಿಮಕ್ ಎನ್ನಲಿಲ್ಲ. ನಾನು ಸಂಗೀತ ಕಲಿತದ್ದು ಅದರಲ್ಲೇ. ಆಮೇಲೆ ಆರ್ಕೆಸ್ಟ್ರಾ ಸೇರಿ ಕರೆಂಟಿನ ಕೀಬೋರ್ಡುಗಳನ್ನು ಎಷ್ಟೋ ಸವೆಸಿದ್ದೇನೆ. ಕನಸಿನಲ್ಲಿ ಬಾರಿಸುವುದು ಮಾತ್ರ ಈ ಪೆಟ್ಟಿಗೆಯನ್ನೇ.

"ಅಮ್ಮ ಇದನ್ನ ಯಾರಿಗೂ ಮುಟ್ಟೋಕೆ ಬಿಡ್ಲಿಲ್ಲ. ಒಂದೇ ಒಂದ್ಸಲ ಕೇಳಿಸು ಮಾವ," ಎಂದಳು ಅಕ್ಕನ ಮಗಳು.

"ಗಾಳಿ ಒತ್ತೋ ತಿದಿ ಹರಿದುಹೋಗಿದೆ ಪುಟ್ಟಿ. ನನ್ನ ಕೈಯ ರಭಸಕ್ಕೆ ಉಕ್ಕಿನ ತಿದಿಯೂ ತಡೆಯೋದಿಲ್ಲ."

ಅವಳು ಬಿಡಬೇಕಲ್ಲ. ಪೆಟ್ಟಿಗೆಯನ್ನು ಎತ್ತಿಕೊಂಡು, ನನ್ನನ್ನೂ ಎಳೆದುಕೊಂಡು ರಿಪೇರಿ ಅಂಗಡಿಗೆ ನಡೆದಳು. ಒಂದೇ ಕಿಟಕಿಯ ಕೋಣೆ, ಅಂಟಿನ ವಾಸನೆ, ಗೋಡೆಯ ಮೇಲೆ ತಂತಿಯಿಲ್ಲದ ಗಿಟಾರುಗಳು. ರಿಪೇರಿಯವರು ತಿದಿಯನ್ನು ಬಿಚ್ಚಿ ಒತ್ತುತ್ತಾ, ಗಾಳಿ ಸೋರುತ್ತಿದೆಯೇ ಎಂದು ಮಡಿಕೆ ಮಡಿಕೆಗೂ ಕೆನ್ನೆ ಹಿಡಿದು ನೋಡಿದರು.

"ಎಲ್ಲಿ ಸ್ವಾಮಿ ಹರಿದಿರೋದು? ನಿಮಗಿಂತ ಗಟ್ಟಿಯಾಗಿದೆ ಇದು."

"ನಿಮ್ಮ ಕೆನ್ನೆ ಚರ್ಮ ದಪ್ಪ. ಸುಮ್ಮನೆ ಹೊಸದು ಹಾಕಿ."

"ನನಗೇನು, ಕಿತ್ತು ಬಿಸಾಕ್ತೀನಿ," ಎಂದು ಅವರು ಚಾಕು ತೆಗೆದುಕೊಂಡರು.

ತಿದಿಯ ಹಲಗೆಯ ಮೇಲಂಚಿನಲ್ಲಿ ನಾಲ್ಕು ಬೆರಳಿನಗಲ ಬಣ್ಣ ಸವೆದು ಮರ ನುಣ್ಣಗಾಗಿತ್ತು. ಚಾಕು ಅದರ ಹತ್ತಿರ ಬಂದದ್ದೇ ತಡ, ನಾನು ಅವರ ಮಣಿಕಟ್ಟು ಹಿಡಿದುಬಿಟ್ಟೆ.

"ಹರಿದಿದ್ರೆ ಕೀಳಲೇಬೇಕಲ್ವಾ ಮಾವ?" ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಇಲ್ಲ ಅಂದ್ರೆ ಬಾರಿಸು."

ಕೂತೆ. ಕೀಗಳ ಮೇಲೆ ಕೈಯಿಟ್ಟೆ, ಎರಡೂ ಕೈ. ಬೆರಳುಗಳು ಓಡಿದವು, ಮರದ ಟಕಟಕ ಬಿಟ್ಟರೆ ಬೇರೇನೂ ಕೇಳಲಿಲ್ಲ.

ರಿಪೇರಿಯವರು ನಕ್ಕರು. "ಎರಡೂ ಕೈ ಮುಂದಿದ್ರೆ ಗಾಳಿ ಎಲ್ಲಿಂದ ಬರುತ್ತೆ? ತಿದಿ ಒತ್ತೋಕೆ ಆಳು ಇಟ್ಕೊಂಡಿದ್ರಾ ಸ್ವಾಮಿ?"

"ಆಳಲ್ಲ," ಎಂದೆ. "ಅಕ್ಕ."

ಅವರು ಚಾಕುವನ್ನು ಕೆಳಗಿಟ್ಟರು.

"ಚಿಕ್ಕವನಿದ್ದಾಗ ನನ್ನ ಕೈ ಹಿಂದಕ್ಕೆ ಎಟುಕ್ತಿರಲಿಲ್ಲ ಪುಟ್ಟಿ. ನಿಮ್ಮಮ್ಮ ಎದುರು ಕೂತು ಒತ್ತೋಳು. ಎಟುಕೋ ಹಾಗಾದ ಮೇಲೂ ನಾವು ಜಾಗ ಬದಲಾಯಿಸ್ಲಿಲ್ಲ. ಎಲ್ಲಿ ಮೆತ್ತಗೆ, ಎಲ್ಲಿ ಜೋರು, ಎಲ್ಲಿ ತಡೀಬೇಕು, ಎಲ್ಲ ಅವಳದೇ. ನಾನು ಬೆರಳಾಡಿಸ್ತಿದ್ದೆ, ಅಷ್ಟೆ. ತಿದಿ ಹರಿದಿದ್ರೆ ಹೊಲಿಸಬಹುದಿತ್ತು. ಹರಿದಿಲ್ಲ. ನನಗೆ ಇದನ್ನ ಒಬ್ಬನೇ ಬಾರಿಸೋಕೆ ಬರಲ್ಲ. ಯಾವತ್ತೂ ಬರ್ತಿರಲಿಲ್ಲ."