ಒಂದೂವರೆ ಅಂಗುಲ

ಆ ಪುಸ್ತಕದ ಪ್ರಕಾರ ಊರಿನ ಮೇಲೆ ಹನ್ನೊಂದು ವರ್ಷಗಳಿಂದ ಒಂದು ಮೋಡವೂ ಹಾದುಹೋಗಿರಲಿಲ್ಲ.

ನೆರಳಕ್ಕ ಮತ್ತೆರಡು ಹಾಳೆ ತಿರುವಿದಳು. ಮಳೆಗಾಲದ ನಟ್ಟನಡುವೆ, ಬಟ್ಟೆ ಒಣಗದೆ ಇಡೀ ಊರು ಮುಗ್ಗಲು ನಾರುವ ತಿಂಗಳು. ಅಲ್ಲೂ ದಿನಕ್ಕೊಂದು ಅಂಕಿ, ಮುತ್ತು ಪೋಣಿಸಿದ ಹಾಗೆ. ಅಕ್ಷರದ ಅಂದಕ್ಕೆ ಎರಡು ಮಾತಿಲ್ಲ. ಆದರೆ ತಾನು ಕೊಟ್ಟ ಕರಡಿನಲ್ಲಿ ಆ ತಿಂಗಳಿಡೀ ‘ಮೋಡ’, ‘ಮೋಡ’, ‘ಮೋಡ’ ಎಂದೇ ಬರೆದಿದ್ದಳು. ಒಂದು ಕಡೆಯಂತೂ ಬೇಸರ ಬಂದು ‘ಹಾಳು ಮೋಡ’ ಎಂದಿದ್ದಳು.

ಅವಳ ಮನೆಯ ಹಿಂದಿನ ಅಂಗಳದಲ್ಲಿ ಎಂಟು ಮೊಳದ ಒಂದು ಕಲ್ಲುಕಂಬ. ನೀರು ಹೊಯ್ದರೆ ಯಾವ ಕಡೆಗೂ ಹರಿಯದಷ್ಟು ಮಟ್ಟಸವಾದ ನೆಲ. ದಿನಾ ಮಧ್ಯಾಹ್ನ ಕಂಬದ ನೆರಳು ಗಿಡ್ಡವಾಗುತ್ತಾ ಬಂದು, ಉಸಿರು ಬಿಗಿಹಿಡಿದಂತೆ ನಿಂತು, ಮತ್ತೆ ಉದ್ದವಾಗತೊಡಗುತ್ತದೆ. ನಿಂತ ಆ ಗಳಿಗೆಯಲ್ಲಿ ಅದರ ತುದಿಗೆ ಗೆರೆ ಎಳೆದು, ಅಂಗುಲದ ಲೆಕ್ಕದಲ್ಲಿ ಅಳೆದು ಬರೆಯುವುದು ಅವಳ ಕೆಲಸ. ಜ್ವರ ಬಂದಾಗ ಕಂಬಳಿ ಹೊದ್ದು ಅಳೆದಿದ್ದಳು. ತಾಯಿ ತೀರಿಕೊಂಡ ದಿನ, ಹೆಣ ಎತ್ತುವವರನ್ನು ಬಾಗಿಲಲ್ಲಿ ನಿಲ್ಲಿಸಿ ಅಳೆದಿದ್ದಳು. ಗಂಡನ ಹಿಂದೆ ಇಷ್ಟು ನಿಷ್ಠೆಯಿಂದ ಹೋಗಿದ್ದರೆ ಅವನು ಓಡಿಹೋಗುತ್ತಲೇ ಇರಲಿಲ್ಲವೆಂದು ಅವಳ ತಮ್ಮನ ಹೆಂಡತಿ ಹೇಳುವುದುಂಟು. ಅವನು ಓಡಿಹೋದದ್ದೇ ಅಳತೆಗೆ ಅನುಕೂಲವಾಯಿತೆಂದು ನೆರಳಕ್ಕ ಹೇಳುವುದುಂಟು.

ಇಂದು ವರ್ಷದ ಅತಿ ಉದ್ದ ನೆರಳಿನ ದಿನ. ಮಧ್ಯಾಹ್ನದೊಳಗೆ ಮನೆಗೆ ಹೋಗಲೇಬೇಕು. ಅದಕ್ಕೆ ಮೊದಲು ಪುಸ್ತಕವನ್ನೊಮ್ಮೆ ನೋಡಿಹೋಗೋಣವೆಂದು ಲಿಪಿಶಾಲೆಗೆ ಬಂದಿದ್ದಳು. ನಾಳೆ ದೂರದ ವಿದ್ಯಾಪೀಠದವರು ಬಂದು ಅದನ್ನು ಒಯ್ಯುವುದಿತ್ತು. ಅಲ್ಲಿನ ಗಣಿತದವರು ಇನ್ನು ಮುಂದೆ ಸೂರ್ಯನನ್ನು ಈ ಪುಸ್ತಕದಿಂದಲೇ ತಿಳಿಯುವವರು.

ಕಳೆದ ವರ್ಷದ ಇದೇ ದಿನದ ಸಾಲನ್ನು ಹುಡುಕಿದಳು. ಮುನ್ನೂರ ಹದಿನಾರು ಅಂಗುಲ ಎಂದಿತ್ತು. ಅವಳು ಅಳೆದದ್ದು ಮುನ್ನೂರ ಹದಿನಾಲ್ಕೂವರೆ. ಅದರ ಹಿಂದಿನ ವರ್ಷವೂ ಮುನ್ನೂರ ಹದಿನಾರು. ಅದರ ಹಿಂದಿನದೂ ಅಷ್ಟೇ. ಮುನ್ನೂರ ಹದಿನಾರು ಯಾರ ಅಂಕಿಯೆಂದು ಅವಳಿಗೆ ಚೆನ್ನಾಗಿ ಗೊತ್ತು. ಸಾವಿರ ವರ್ಷದ ಹಿಂದೆ ಇದೇ ಊರಲ್ಲಿ, ಇಷ್ಟೇ ಎತ್ತರದ ಕಂಬ ನೆಟ್ಟು ಅಳೆದ ಹಿರಿಯರದು. ಅವರು ಬರೆದಿಟ್ಟದ್ದನ್ನು ಎಲ್ಲರೂ ‘ದೊಡ್ಡ ಪುಸ್ತಕ’ ಎನ್ನುತ್ತಿದ್ದರು. ಮೊದಲ ಹಾಳೆಗೆ ಮರಳಿದಳು. ಅಲ್ಲಿ ಕೆಂಪು ಶಾಯಿಯಲ್ಲಿ, ಬಳ್ಳಿಯ ಚಿತ್ತಾರದ ನಡುವೆ ಬರೆದಿತ್ತು: ‘ನೆರಳಕ್ಕ ತನ್ನ ಕಣ್ಣಾರೆ ಕಂಡು ಅಳೆದದ್ದು.’

ಪುಸ್ತಕ ಮುಚ್ಚಿ ಕಂಕುಳಿಗೆ ಸೇರಿಸಿ ಎದ್ದಳು.

ಶಾಲೆಯ ಹಿರಿಯ ಲಿಪಿಕಾರ ಅವಳ ಒಡಹುಟ್ಟಿದ ತಮ್ಮನೇ. ಕಿಟಕಿಯ ಪಕ್ಕದ ಮಣೆಯಲ್ಲಿ ಕೂತು, ತಲೆ ಒಂದು ಪಕ್ಕಕ್ಕೆ ವಾಲಿಸಿ ಲೇಖನಿ ಕೆತ್ತುತ್ತಿದ್ದ. ಅಕ್ಕ ಬಂದು ಎದುರು ನಿಂತದ್ದನ್ನು ಕಂಡು ಅರಳಿದ.

“ಹೇಗಿದೆ ಅಕ್ಕ? ಚಿತ್ತಾರಕ್ಕೇ ಒಂಬತ್ತು ದಿನ ಹಿಡೀತು.”

“ಚಿತ್ತಾರ ಚೆನ್ನಾಗಿದೆ. ಮೋಡ ಎಲ್ಲೋ?”

“ಮೋಡ?”

“ನನ್ನ ಮೋಡಗಳು. ಕರಡಲ್ಲಿ ಸಾವಿರಕ್ಕೂ ಮೇಲಿದ್ವು. ಯಾರು ತಿಂದ್ರು?”

“ಓ, ಅದಾ.” ತಮ್ಮ ನಕ್ಕ. “ಖಾಲಿ ಬಿಟ್ರೆ ಚೆನ್ನಾಗಿರಲ್ಲ, ಹಲ್ಲು ಉದುರಿದ ಬಾಯಿ ತರ ಕಾಣುತ್ತೆ. ದೊಡ್ಡ ಪುಸ್ತಕದಲ್ಲಿ ಆ ದಿನದ್ದು ಇತ್ತಲ್ಲ, ತುಂಬಿಸಿದ್ವಿ.”

“ಮೋಡ ಇಲ್ಲದ ದಿನದ್ದು?”

“ಅದೂ ಹೆಚ್ಚುಕಮ್ಮಿ ನಿಂದೇ. ಅಲ್ಲೊಂದು ಇಲ್ಲೊಂದು ಕೈತಪ್ಪಾಗಿತ್ತು, ಸರಿಮಾಡಿದ್ವಿ.”

ಲಿಪಿಶಾಲೆಯಲ್ಲಿ ಇದು ತಲೆತಲಾಂತರದ ನಿಯಮ. ಕರಡಿಗೂ ದೊಡ್ಡ ಪುಸ್ತಕಕ್ಕೂ ಹೊಂದಿಕೆಯಾಗದಿದ್ದರೆ ತಪ್ಪು ಕರಡಿನದು. ಲಿಪಿಕಾರ ಸದ್ದಿಲ್ಲದೆ ತಿದ್ದಬೇಕು, ಬರೆದವರಿಗೆ ಹೇಳಿ ನಾಚಿಸಬಾರದು. ಅದನ್ನು ಅಲ್ಲಿ ಸೌಜನ್ಯ ಎಂದು ಕರೆಯುತ್ತಿದ್ದರು. ಇಂಥ ಸೌಜನ್ಯಕ್ಕೆ ಹೆಸರಾದ ಹನ್ನೆರಡು ಮಂದಿ ಆ ಕೋಣೆಯಲ್ಲಿ ಬೆನ್ನು ಬಗ್ಗಿಸಿ ಕೂತಿದ್ದರು. ಈಗ ಒಬ್ಬನ ಲೇಖನಿಯೂ ಓಡುತ್ತಿರಲಿಲ್ಲ, ಎಲ್ಲರ ಕಿವಿಯೂ ಓಡುತ್ತಿತ್ತು.

“ಕೈತಪ್ಪಲ್ಲ ಕಣೋ ಅದು! ನೆರಳೇ ಗಿಡ್ಡ ಆಗಿದೆ. ಚಳಿಗಾಲದ ಈ ದಿನ ಒಂದೂವರೆ ಅಂಗುಲ ಗಿಡ್ಡ. ಹನ್ನೊಂದು ವರ್ಷಾನೂ ಅಷ್ಟೇ.”

“ಕಂಬ ಕುಸಿದಿರುತ್ತೆ, ಬಿಡು. ಕಲ್ಲಿಗೂ ವಯಸ್ಸಾಗುತ್ತೆ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು, ಅದನ್ನು ಕೆಮ್ಮಾಗಿ ಬದಲಾಯಿಸಿದರು.

“ಕುಸಿದ್ರೆ ಎರಡು ಕಾಲದ ನೆರಳೂ ಗಿಡ್ಡ ಆಗ್ಬೇಕು, ತಲೆ ಇದ್ರೆ ಓಡಿಸು,” ಎಂದಳು ನೆರಳಕ್ಕ. “ಚಳಿಗಾಲದ್ದು ಗಿಡ್ಡ ಆಗಿದೆ, ಬೇಸಿಗೇದು ಅರ್ಧ ಅಂಗುಲ ಉದ್ದ ಆಗಿದೆ. ಒಂದೇ ಕಂಬ ಒಂದು ಕಾಲಕ್ಕೆ ಕುಸಿದು ಇನ್ನೊಂದು ಕಾಲಕ್ಕೆ ಬೆಳೆಯುತ್ತೇನೋ? ಸೂರ್ಯ ಮೊದಲು ತಿರುಗ್ತಿದ್ದಷ್ಟು ದೂರ ಈಗ ತಿರುಗ್ತಿಲ್ಲ. ತೆಂಕಕ್ಕೂ ಕಮ್ಮಿ ಹೋಗ್ತಾನೆ, ಬಡಗಕ್ಕೂ ಕಮ್ಮಿ ಹೋಗ್ತಾನೆ. ಆ ಹಿರಿಯರ ಅಳತೆ ಸರಿ, ನಂದೂ ಸರಿ. ಮಧ್ಯೆ ಸಾವಿರ ವರ್ಷ ಆಗಿದೆ, ಅಷ್ಟೇ. ಇದನ್ನ ಹೇಳೋಕೇ ಈ ಪುಸ್ತಕ ಇದ್ದದ್ದು. ಒಂದೂವರೆ ಅಂಗುಲಾನ ಕೈತಪ್ಪು ಅಂತ ಒರೆಸಿಬಿಟ್ಯಲ್ಲೋ!”

“ಮೆತ್ತಗೆ ಅಕ್ಕ.” ತಮ್ಮ ಸುತ್ತ ನೋಡಿದ. “ನಿನ್ನ ಮರ್ಯಾದೆ ಉಳೀಲಿ ಅಂತ ಮಾಡಿದ್ದು. ದೊಡ್ಡ ಪುಸ್ತಕ ತಪ್ಪು ಅಂತ ಒಬ್ಬ ಹೆಂಗಸು ಬರೆದಿದ್ದಾಳೆ ಅಂದ್ರೆ ವಿದ್ಯಾಪೀಠದೋರು ಓದ್ತಾರಾ? ಈಗ ನೋಡು, ಹನ್ನೊಂದು ವರ್ಷ ಅಳೆದು ದೊಡ್ಡ ಪುಸ್ತಕ ಸರಿ ಅಂತ ತೋರಿಸಿದವಳು ಅಂತ ಹೊಗಳ್ತಾರೆ.”

ಅವನಿಗೆ ಕೈ ಎತ್ತಿ ಹೊಡೆಯಲೂ ಆಗದ ಗಳಿಗೆಯಾಗಿತ್ತು ಅದು, ಏಕೆಂದರೆ ಅವನು ನಿಜಕ್ಕೂ ಪ್ರೀತಿಯಿಂದಲೇ ಹೇಳುತ್ತಿದ್ದ. ಸೊಂಟದ ಮೇಲೆ ಹೊತ್ತು ಬೆಳೆಸಿದ ಮುಖ ಅದು.

“ಕರಡು ಕೊಡು,” ಎಂದಳು. “ನಾನೇ ಬರ್ಕೋತೀನಿ.”

ತಮ್ಮ ಲೇಖನಿಯ ಮೊನೆ ನೋಡತೊಡಗಿದ.

“ಕರಡು ಎಲ್ಲಿ?”

“ಪ್ರತಿ ಆದಮೇಲೆ ಕರಡು ಇಟ್ಕೊಳ್ಳೋ ಪದ್ಧತಿ ಇಲ್ಲ ಅಕ್ಕ, ನಿಂಗೂ ಗೊತ್ತು. ಚರ್ಮದ ಹಾಳೆ ಎಲ್ಲಿ ಸಿಗುತ್ತೆ ಈಗ? ನಿನ್ನೆ ತೊಳೆಯೋಕೆ ಹೋಯ್ತು.”

ಅವಳು ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡೇ ಓಡಿದಳು. ಐವತ್ತೆರಡರ ಹೆಂಗಸು ಸೀರೆಯ ನೆರಿಗೆ ಎತ್ತಿಹಿಡಿದು ಮಣೆಗಳ ನಡುವೆ ಹಾದದ್ದಕ್ಕೆ ಎರಡು ಶಾಯಿಕುಡಿಕೆ ಉರುಳಿದವು.

ಹಿತ್ತಲಲ್ಲಿ ಸುಣ್ಣದ ಮತ್ತು ಹುಳಿತ ಹಾಲಿನ ಘಾಟು. ಮೂರು ತೊಟ್ಟಿಗಳು, ಹಗ್ಗದ ಮೇಲೆ ನೇತುಬಿದ್ದ ಒದ್ದೆ ಹಾಳೆಗಳು. ಹಾಳೆಗಳನ್ನು ನೆನೆಸಿ, ನೊರೆಗಲ್ಲಿನಿಂದ ಉಜ್ಜಿ, ಬರಹ ತೆಗೆಯುವ ಮುದುಕನೊಬ್ಬ ಅಲ್ಲಿದ್ದ. ಸುಣ್ಣಕ್ಕೆ ಅವನ ಕೈ ಮೊಣಕೈವರೆಗೂ ಬೆಳ್ಳಗಾಗಿತ್ತು. ಬಿಳಿಗೈ ಎಂದರೆ ಮಾತ್ರ ಓಗೊಡುತ್ತಿದ್ದ. ಅವನು ಕಾಲುಚಾಚಿ ಕೂತು, ಹಲಗೆಯ ಮೇಲೆ ಒಂದು ಹಾಳೆ ಬಿಗಿದು, ಉಜ್ಜುತ್ತಾ ಹಾಡು ಗುನುಗುತ್ತಿದ್ದ.

“ನಿಲ್ಸೋ!”

“ಯಾರಮ್ಮ ಅದು, ಬೆಂಕಿ ಬಿದ್ದೋರ ಹಾಗೆ?”

ಅವಳು ಹಲಗೆಯ ಹಾಳೆ ನೋಡಿದಳು. ತನ್ನದೇ ಬರಹ. ಅರ್ಧ ಇತ್ತು, ಅರ್ಧ ಬೂದುಬಣ್ಣದ ಕಲೆ. ಹಗ್ಗದ ಮೇಲಿನವು ಬೆಳ್ಳಗೆ, ಶುದ್ಧವಾಗಿ, ಏನೂ ಅರಿಯದ ಮುಖ ಹೊತ್ತು ತೂಗುತ್ತಿದ್ದವು. ಹಾಲಿನ ತೊಟ್ಟಿಯಲ್ಲಿ ಇನ್ನೊಂದು ಕಟ್ಟು ಮುಳುಗಿತ್ತು. ಅವಳು ತೋಳು ಅದ್ದಿ ಎತ್ತಿದಾಗ ಮೊಣಕೈಯಿಂದ ಕಪ್ಪು ನೀರು ಇಳಿಯಿತು. ಗೋಡೆಯ ಪಕ್ಕ, ಇನ್ನೂ ಮುಟ್ಟದೆ, ದಾರ ಕಟ್ಟಿದ ನಾಲ್ಕು ಕಟ್ಟುಗಳು ಉಳಿದಿದ್ದವು. ವರ್ಷಕ್ಕೊಂದು ಕಟ್ಟು.

“ಏಳು ವರ್ಷ ಉಜ್ಜಿದ್ದೀಯ,” ಎಂದಳು.

“ನಂಗೆ ಓದೋಕೆ ಬರಲ್ಲ ತಾಯಿ. ಕೊಟ್ಟದ್ದು ಉಜ್ಜೋನು. ನಿಮ್ಮ ಶಾಯಿ ಗಟ್ಟಿ ಮಾತ್ರ, ಭುಜ ಬಿದ್ದುಹೋಯ್ತು.” ಮುದುಕ ಅವಳ ಮುಖ ನೋಡಿ ಕಲ್ಲು ಕೆಳಗಿಟ್ಟ. “ಬೇಕಾಗಿತ್ತಾ ಇದು? ಹೇಳಿದ್ರೆ ಇಡ್ತಿದ್ದೆ.”

ಹೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ತೊಟ್ಟಿಯ ಕಟ್ಟನ್ನು ಬಿಚ್ಚಿ ಒಂದೊಂದೇ ಹಾಳೆಯನ್ನು ಬೆಳಕಿಗೆ ಹಿಡಿದಳು. ಒಂದರಲ್ಲಿ ‘ಹಾಳು’ ಎಂಬುದು ಮಾತ್ರ ಉಳಿದಿತ್ತು. ಮಿಕ್ಕವುಗಳಲ್ಲಿ ಅದೂ ಇಲ್ಲ. ಎಷ್ಟು ಹಾಳೆ ನೋಡಿದಳೋ. ತಲೆಯೆತ್ತಿದಾಗ ತೊಟ್ಟಿಯ ನೆರಳು, ತಾನು ಬಂದಾಗ ಒಂದು ಪಕ್ಕಕ್ಕಿದ್ದದ್ದು, ಆಚೆ ಪಕ್ಕಕ್ಕೆ ಸರಿದಿತ್ತು.

ಮಧ್ಯಾಹ್ನ ಮುಗಿದಿತ್ತು. ವರ್ಷಕ್ಕೊಮ್ಮೆ ಬರುವ ನೆರಳು ಯಾರೂ ನೋಡದೆ ಅವಳ ಅಂಗಳದಲ್ಲಿ ನಿಂತು, ಹೋಗಿಬಿಟ್ಟಿತ್ತು.

ತಮ್ಮ ಹಿತ್ತಲ ಬಾಗಿಲಲ್ಲಿ ಬಂದು ನಿಂತ. ಅವನ ಹಿಂದೆ ಹನ್ನೆರಡು ತಲೆಗಳು.

“ಇವತ್ತಿಂದು ತಪ್ಪಿತಲ್ಲೋ,” ಎಂದಳು ನೆರಳಕ್ಕ.

“ಅಯ್ಯೋ, ಅದಕ್ಕೇನಕ್ಕ ಇಷ್ಟು ಸಂಕಟ? ದೊಡ್ಡ ಪುಸ್ತಕದಲ್ಲಿದೆಯಲ್ಲ. ನೋಡಿ ಬರ್ಕೋ.”

ಅವಳು ತೊಟ್ಟಿಯ ಕಡೆ ನೋಡಿದಳು, ಕಂಕುಳಿನ ಪುಸ್ತಕದ ಕಡೆ ನೋಡಿದಳು. ಎಲ್ಲರಿಗೂ ಅರ್ಥವಾಯಿತು. ತಮ್ಮ ಎರಡು ಹೆಜ್ಜೆ ಮುಂದೆ ಬಂದ.

“ಬೇಡಕ್ಕ. ನಿನ್ನ ಕಾಲು ಹಿಡೀತೀನಿ. ಐದು ತಿಂಗಳ ಕೆಲಸ ಅದು.”

“ಐದು ತಿಂಗಳು!” ಅವಳ ನಗು ಕೇಳಿ ಮುದುಕ ಹಿಂದಕ್ಕೆ ಸರಿದ. “ನಿಂಗೆ ಐದು ತಿಂಗಳು ಇಷ್ಟು ಉರಿಯುತ್ತಾ? ಮುಳುಗಿಸಲ್ಲ. ಹೆದರಬೇಡ. ಮುಳುಗಿಸಿದ್ರೆ ನಿನ್ನ ತಪ್ಪೂ ತೊಳೆದುಹೋಗುತ್ತೆ, ನಾಳೆ ಇನ್ನೊಂದು ಚೆಂದದ್ದು ಬರೀತೀಯ. ಲೇಖನಿ ತರಿಸು.”

“ಯಾಕೆ?”

“ಇಲ್ಲೇ ಕೂತ್ಕೋ. ಬಿಳಿಗೈ, ಕಲ್ಲು ತಗೋ.”

ಮುದುಕ ಪುಸ್ತಕದ ಹಾಳೆ ಮುಟ್ಟಿ ನೋಡಿದ. “ಇದನ್ನಾ? ಚಿನ್ನದಂಥ ಬರಹ, ತಾಯಿ.”

“ಅಂಕಿ ಮಾತ್ರ ಉಜ್ಜು. ಹನ್ನೊಂದು ವರ್ಷದ್ದೂ. ಚಿತ್ತಾರ ಇರಲಿ, ಅದು ಸುಳ್ಳು ಹೇಳಿಲ್ಲ.”

ಹಿರಿಯ ಲಿಪಿಕಾರ ತನ್ನ ಜನರ ಕಡೆ ನೋಡಿದ. ಯಾರೂ ನೆರವಿಗೆ ಬರಲಿಲ್ಲ. ಕೆಲವರಂತೂ ಇನ್ನೊಬ್ಬರ ಸೌಜನ್ಯ ಬಯಲಾಗುವುದನ್ನು ನೋಡುವ ಖುಷಿಯಲ್ಲಿದ್ದರು. ಅಕ್ಕನ ಗಂಟಲು ಬೀದಿಯವರೆಗೂ ಕೇಳುತ್ತದೆಂದು ಅವನಿಗೆ ಗೊತ್ತಿತ್ತು. ನಾಳೆ ವಿದ್ಯಾಪೀಠದವರ ಎದುರೂ ಅದು ಕೇಳುತ್ತದೆಂದೂ ಗೊತ್ತಿತ್ತು. ಕೂತ.

ಉಜ್ಜುವ ಸದ್ದು ಶುರುವಾಯಿತು. ಒಂದೊಂದು ಮುತ್ತು ಹೋದಾಗಲೂ ತಮ್ಮ ಮುಖ ಆಚೆ ತಿರುಗಿಸುತ್ತಿದ್ದ. ಅವಳು ಕಣ್ಣಾರೆ ಕಂಡಳು, ಕನಿಕರ ಪಡಲಿಲ್ಲ.

“ಈ ನಾಲ್ಕು ಕಟ್ಟಿಂದ ನಾನು ಹೇಳಿದ ಹಾಗೆ ಬರಿ. ಎಷ್ಟು ದಿನ ಹಿಡಿದ್ರೂ ಸರಿ, ನಾಳೆ ಬರೋರು ಕಾಯ್ಲಿ. ಅರ್ಧ ಅಂಗುಲ ಅಂದ್ರೆ ಅರ್ಧ. ಮೋಡ ಅಂದ್ರೆ ಮೋಡ.”

“ಮಿಕ್ಕ ಏಳು ವರ್ಷ? ಖಾಲಿ ಬಿಡ್ಲಾ?”

“ಖಾಲಿ ಬಿಟ್ರೆ ನಿನ್ನಂಥ ಇನ್ನೊಬ್ಬ ಸೌಜನ್ಯದಿಂದ ತುಂಬಿಸ್ತಾನೆ. ಬರಿ. ‘ಈ ಏಳು ವರ್ಷದ ನೆರಳನ್ನು ಅಳೆದಾಗಿತ್ತು.’”

ಅವನು ಬರೆದ.

“‘ಅಳತೆಯನ್ನು ಲಿಪಿಶಾಲೆಯಲ್ಲಿ ತೊಳೆದು ಹಾಕಲಾಯಿತು.’”

“ಅಕ್ಕ, ಸಾವಿರ ವರ್ಷ ಉಳಿಯೋ ಪುಸ್ತಕ ಇದು.”

“ಅದಕ್ಕೇ ಹೇಳ್ತಿರೋದು. ‘ಹಾಕಲಾಯಿತು’ ಬೇಡ, ಯಾರೂ ಮಾಡದೆ ತಾನಾಗೇ ಆದ ಹಾಗಿದೆ. ‘ಅವಳ ತಮ್ಮನಾದ ಹಿರಿಯ ಲಿಪಿಕಾರ ತೊಳೆಸಿದ’ ಅಂತ ಬರಿ.”

ಲೇಖನಿ ಹಾಳೆಯಿಂದ ಒಂದಂಗುಲ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಇಳಿಯಿತು. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಅವನ ಅಕ್ಷರ ಸಾಲು ಬಿಟ್ಟು ಸೊಟ್ಟಗೆ ಹೋಯಿತು.

“ತಿದ್ದಿ ಬರೀಲಾ?” ಎಂದು ಕೇಳಿದ.

“ಬೇಡ,” ಎಂದಳು ನೆರಳಕ್ಕ, ಮೊದಲ ಕಟ್ಟಿನ ದಾರ ಬಿಚ್ಚುತ್ತಾ. “ಮುಂದೆ ಬರಿ.”