ಎದುರುಮನೆಯಲ್ಲಿ ಪರಸ್ಥಳ

ನಾನು ದೇಶ ಬಿಟ್ಟು ಹೊರಟಾಗ ಮೊದಲು ತಲುಪಿದ್ದು ಬರ್ಲಿನ್ ಅಲ್ಲ, ಎದುರುಮನೆಯ ನೀಲಗಂಗಮ್ಮನವರ ಹಾಲ್. ಶ್ರೀಗಂಧದ ಕಾವಲ್‌ನ ನಮ್ಮ ಅಡ್ಡರಸ್ತೆ ಎಷ್ಟು ಕಿರಿದೆಂದರೆ ಎರಡು ಕಾರು ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕು. ಅದನ್ನು ದಾಟಿದ್ದಷ್ಟೇ ನನ್ನ ಮೊದಲ ಪ್ರಯಾಣ.

ಕೆಲಸ ಕೊಟ್ಟು ಟಿಕೆಟ್ ಕಳಿಸಿದ ಬರ್ಲಿನ್ನಿನ ಆಸ್ಪತ್ರೆಯವರಿಗೆ ಪಂಚಾಂಗ ಗೊತ್ತಿರಲಿಲ್ಲ. ಅವರು ಹಾಕಿದ್ದು ಮಂಗಳವಾರ ರಾತ್ರಿಯ ವಿಮಾನ, ಅದೂ ಅಮಾವಾಸ್ಯೆಯ ದಿನ. ಅಮ್ಮ ಕನ್ನಡಕ ಹಾಕಿಕೊಂಡು ಕ್ಯಾಲೆಂಡರಿನ ಮುಂದೆ ನಿಂತು, "ಮಂಗಳವಾರದ ಅಮಾಸೆ ದಿನ ಮನೆ ಮಗಳನ್ನ ಆಚೆ ಕಳ್ಸಲ್ಲ ನಾನು" ಎಂದಳು. ನಮ್ಮಮ್ಮ ಚಿಕ್ಕಲಕ್ಷ್ಮಮ್ಮ ಅಂದಮೇಲೆ ಆಯಿತು, ಆ ಮಾತಿಗೆ ಮೇಲ್ಮನವಿ ಇಲ್ಲ.

ಇದಕ್ಕೆ ನಮ್ಮಲ್ಲಿ ಒಂದು ದಾರಿ ಇದೆ. ಹೊರಡುವ ದಿನ ಸರಿಯಿಲ್ಲದಿದ್ದರೆ, ಸರಿಯಿರುವ ದಿನ ನೋಡಿಕೊಂಡು ಮುಂಚೆಯೇ ಮನೆ ಬಿಟ್ಟು ಬೇರೆಯವರ ಮನೆಯಲ್ಲಿ ಇದ್ದುಬಿಡುವುದು. ಒಳ್ಳೆಯ ಘಳಿಗೆಯಲ್ಲೇ ಪ್ರಯಾಣ ಶುರುವಾಯಿತು ಎಂದು ಲೆಕ್ಕ. ಅದಕ್ಕೆ ಪರಸ್ಥಳ ಮಾಡುವುದು ಎನ್ನುತ್ತಾರೆ. ಒಂದು ಬ್ಯಾಗನ್ನು ಇಟ್ಟುಬಂದರೂ ನಡೆಯುತ್ತದೆ, ಬಹಳ ಜನ ಮಾಡುವುದು ಅಷ್ಟೇ. ಅಮ್ಮ ಅದಕ್ಕೆ ಒಪ್ಪಲಿಲ್ಲ. "ಅದು ತಿರುಪತಿಗೆ ಹೋಗ್ಬರೋರಿಗೆ. ಇವಳು ಊರೇ ಬಿಟ್ಟು ಹೋಗ್ತಾ ಅವ್ಳೆ. ಇವಳೇ ಹೋಗಿ ಇರ್ಬೇಕು" ಎಂದಳು. ಒಮ್ಮೆ ಹೊಸಿಲು ದಾಟಿದವರು ಮತ್ತೆ ಒಳಗೆ ಕಾಲಿಡುವಂತಿಲ್ಲ. ಇಟ್ಟರೆ ಪ್ರಯಾಣ ಕೆಟ್ಟಿತು.

ನನಗೆ ನಲವತ್ತೊಂದು ವರ್ಷ. ಹೆಸರು ಚೇತನಾ, ಸುಂಕದಕಟ್ಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದೆ. ಮದುವೆಯಾಗಿಲ್ಲ. ಯಾಕಾಗಿಲ್ಲ ಎಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟು ಕೊಟ್ಟು, ಅದರಲ್ಲಿ ನಿಜವಾದದ್ದು ಯಾವುದೆಂದು ಈಗ ನನಗೇ ಮರೆತುಹೋಗಿದೆ. ಬರ್ಲಿನ್ನಿಗೆ ಯಾಕೆ ಹೊರಟೆ ಎಂಬುದಕ್ಕೆ ಮಾತ್ರ ಉತ್ತರ ಗೊತ್ತಿದೆ. ಇಷ್ಟು ವರ್ಷ ಕಂಡವರ ಗೃಹಪ್ರವೇಶಕ್ಕೆ, ಸೀಮಂತಕ್ಕೆ, ನಾಮಕರಣಕ್ಕೆ ಹೋಗಿ ಫೋಟೋದ ತುದಿಯಲ್ಲಿ ನಿಂತಿದ್ದೆ. ನನ್ನದು ಎಂದು ಒಂದಾದರೂ ಆಗಬೇಕು ಅನ್ನಿಸಿತು. ಅದಕ್ಕಾಗಿ ಜರ್ಮನ್ ಕಲಿತೆ. ಅರಿವಳಿಕೆ ಇಳಿಯದೆ ಮಲಗಿದ್ದ ರೋಗಿಗಳ ಜೊತೆ ಜರ್ಮನ್ ಮಾತಾಡಿ ಅಭ್ಯಾಸ ಮಾಡಿದೆ. ಅವರು ಒಬ್ಬರೂ ನನ್ನ ವ್ಯಾಕರಣ ತಿದ್ದಲಿಲ್ಲ.

ಧೈರ್ಯವಂತೆ ಎಂದು ತಿಳಿಯಬೇಡಿ. ಒಳಗೊಳಗೇ ಪುಕ್ಕಲು. ಅದಕ್ಕೇ ಹೊರಡುವ ಮುಂಚೆ ಅಣ್ಣ ಭೈರೇಶನ ಹತ್ತಿರ ಒಂದೇ ಒಂದು ಕೇಳಿಕೊಂಡಿದ್ದೆ. ಮಹಡಿಯ ಮೇಲಿನ ರೂಮು ನನ್ನದು. ಅಪ್ಪ ಇದ್ದಾಗ, ನಮ್ಮ ರಾಗಿ ಹೊಲ ಸೈಟುಗಳಾಗಿ ಈ ಮನೆ ಎದ್ದಾಗಿನಿಂದ ನನ್ನದು.

"ಅಣ್ಣ, ಒಂದು ವರ್ಷ ನನ್ನ ರೂಮಿಗೆ ಬೀಗ ಹಾಕಿಟ್ಟಿರು. ಅಲ್ಲಿ ನಂಗೆ ಒಗ್ಗಲಿಲ್ಲ ಅಂದ್ರೆ ವಾಪಸ್ ಬಂದ್ಬಿಡ್ತೀನಿ."

ಅಣ್ಣ ಪೇಪರಿನಿಂದ ತಲೆಯೆತ್ತದೆ, "ಆಯ್ತು ಬಿಡು" ಎಂದ.

ನಮ್ಮ ಮನೆಯಲ್ಲಿ ಆ ಮಾತಿಗೆ ಎರಡು ಅರ್ಥ. ಹಾಗೇ ಆಗಲಿ ಎಂಬುದು ಒಂದು, ಸಾಕು ಮಾಡು ಎಂಬುದು ಇನ್ನೊಂದು. ನಾನು ನನಗೆ ಬೇಕಾದದ್ದನ್ನು ಆರಿಸಿಕೊಂಡೆ.

ಶುಕ್ರವಾರ ಬೆಳಿಗ್ಗೆ, ರಾಹುಕಾಲ ಹತ್ತುವ ಮುಂಚೆ, ಅತ್ತಿಗೆ ಸತ್ಯವತಿ ಕುಂಕುಮ ಇಟ್ಟು ಆರತಿ ಎತ್ತಿದಳು. ಅಣ್ಣನ ಮಗಳು ಕವನಾ ಒಂದು ಸೂಟ್‌ಕೇಸ್ ಎಳೆದಳು, ನಾನೊಂದು ಎಳೆದೆ. "ತಿರುಗಿ ನೋಡ್ಬೇಡ ಕಣೆ" ಎಂದು ಅಮ್ಮ ಹಿಂದಿನಿಂದ ಹೇಳಿದಳು. ತಿರುಗಿ ನೋಡದಿದ್ದರೇನು, ಆಚೆ ಕಡೆ ಹೋಗಿ ನಿಂತರೆ ಎದುರಿಗೇ ಕಾಣುವ ಮನೆ.

ನೀಲಗಂಗಮ್ಮನವರು ಗೇಟು ತೆಗೆದು, "ಬಾಮ್ಮ, ಬಾ. ಪ್ರಯಾಣ ಸುಖವಾಗಿತ್ತಾ?" ಎಂದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇರುವ ಹೆಂಗಸು, ಮಾತಿಗೆ ಬರವಿಲ್ಲ. ಮುಂದಿನ ರೂಮು ನನಗೆ ಕೊಟ್ಟರು. ಅದರ ಕಿಟಕಿ ನೇರವಾಗಿ ನಮ್ಮ ಮನೆಗೆ ತೆರೆಯುತ್ತಿತ್ತು.

ಶನಿವಾರವೆಲ್ಲ ನಾನು ಆ ಕಿಟಕಿ ಬಿಟ್ಟು ಏಳಲಿಲ್ಲ. ನಾನಿಲ್ಲದೆ ನಮ್ಮ ಮನೆ ಸ್ವಲ್ಪವಾದರೂ ಎಡವಬೇಕು ಎಂಬ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ನೀರಿನ ಮೋಟಾರು ಹಾಕಿ ಆರಿಸುವವಳು ನಾನು. ಟ್ಯಾಂಕು ತುಂಬಿ ರಸ್ತೆಗೆ ಹರಿಯುವುದನ್ನು ಕಾಯುತ್ತಾ ಕೂತೆ. ಸರಿಯಾದ ಹೊತ್ತಿಗೆ ಅತ್ತಿಗೆ ಆರಿಸಿದಳು. ಅಮ್ಮನ ಬಿಪಿ ಮಾತ್ರೆ ಕೊಡುವವಳು ನಾನು. ಕವನಾ ಲೋಟದಲ್ಲಿ ನೀರು ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕೂತಿದ್ದ ಅಜ್ಜಿಗೆ ಮಾತ್ರೆ ಕೊಟ್ಟು, ಅವಳು ನುಂಗುವವರೆಗೂ ನಿಂತಿದ್ದು ಹೋದಳು. ನಾನೇ ಕಲಿಸಿದ್ದು ಅದು. ಖುಷಿಯಾಗಬೇಕಿತ್ತು, ಹೊಟ್ಟೆ ಉರಿಯಿತು.

ಸಂಜೆ ಗೇಟಿನ ಹತ್ತಿರ ನಿಂತಿದ್ದಾಗ ಸೊಪ್ಪು ಮಾರುವ ರಾಮಮ್ಮ ಬುಟ್ಟಿ ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಏನಕ್ಕ, ಇನ್ನೂ ಹೋಗಿಲ್ವಾ? ಮೊನ್ನೆನೇ ಹೇಳ್ಬಿಟ್ಟು ಹೋದ್ರಲ್ಲ" ಎಂದಳು. ಪರಸ್ಥಳದ ಕಥೆ ಹೇಳಿದೆ. "ಹಂಗಾ" ಎಂದು ತಲೆಯಾಡಿಸಿ, ನೀಲಗಂಗಮ್ಮನವರಿಗೆ ಮೆಂತ್ಯ ಕೊಟ್ಟು ಹೋದಳು. ಆಮೇಲೆ ನಾನು ಗೇಟಿನ ಕಡೆ ಹೋಗಲಿಲ್ಲ. ಸತ್ತವರು ತಿಥಿ ಆಗುವವರೆಗೂ ಮನೆಯ ಸುತ್ತಮುತ್ತಲೇ ಇರುತ್ತಾರೆ ಎನ್ನುತ್ತಾರಲ್ಲ, ಅವರಿಗೂ ಹೀಗೇ ಆಗುತ್ತಿರಬೇಕು.

ಭಾನುವಾರ ನಮ್ಮ ಮನೆಯಲ್ಲಿ ನಾಟಿಕೋಳಿ ಸಾರು. ಮಸಾಲೆ ಹುರಿದ ವಾಸನೆ ರಸ್ತೆ ದಾಟಿ ಬಂತು, ಸಾರು ಬರಲಿಲ್ಲ. ನೀಲಗಂಗಮ್ಮನವರು ಲಿಂಗಾಯತರು, ಅವರ ಮನೆಗೆ ಕೋಳಿ ಸಾರಿನ ಡಬ್ಬಿ ಕಳಿಸುವುದುಂಟೇ. ಅಮ್ಮ ಎರಡು ದಿನದಿಂದ ಕ್ಯಾರಿಯರಿನಲ್ಲಿ ಏನಾದರೂ ಕಳಿಸುತ್ತಿದ್ದಳು, ಅವತ್ತು ಬರೀ ಮೊಸರು ಬಂತು. ಬರ್ಲಿನ್ನಿನಲ್ಲಿ ಮುದ್ದೆ ಸಿಗುವುದಿಲ್ಲ ಎಂದು ಇಲ್ಲಿಯವರೆಗೆ ನಗುತ್ತಲೇ ಹೇಳಿಕೊಂಡು ತಿರುಗಿದ್ದೆ. ಹಬೆಯಾಡುವ ಮುದ್ದೆ ಇಪ್ಪತ್ತು ಹೆಜ್ಜೆ ಆಚೆ ಇದ್ದು ಸಿಗದಿದ್ದಾಗ ನಗು ಬರಲಿಲ್ಲ. ನೀಲಗಂಗಮ್ಮನವರು ಬಡಿಸಿದ ಚಪಾತಿ ತಿಂದೆ.

ಊಟ ಮುಗಿಸಿ ಕಿಟಕಿಗೆ ಬಂದರೆ ಮಹಡಿ ಮೆಟ್ಟಿಲ ಮೇಲಿಂದ ನನ್ನ ಮಂಚ ಇಳಿಯುತ್ತಿತ್ತು. ಮುಂದೆ ಅಣ್ಣ, ಹಿಂದೆ ಬಾಡಿಗೆ ಮನೆಯ ಉದಯಕುಮಾರ್. ತಿರುವಿನಲ್ಲಿ ಸಿಕ್ಕಿಕೊಂಡಾಗ ಇಬ್ಬರೂ ನಿಂತು ಬೆವರು ಒರೆಸಿಕೊಂಡರು. ಮಂಚದ ಹಿಂದೆ ನನ್ನ ಬೀರುವೂ ಇಳಿಯಿತು. ಆಮೇಲೆ ಹೊಸ ಟೇಬಲ್ಲೊಂದು ಮೇಲೆ ಹತ್ತಿತು. ಕವನಾ ನನ್ನ ರೂಮಿನ ಕಿಟಕಿಯ ಪಕ್ಕ ಒಂದು ಚಾರ್ಟು ಅಂಟಿಸುತ್ತಿದ್ದಳು.

ಅತ್ತಿಗೆಗೆ ಫೋನ್ ಮಾಡಿದೆ. ಅವಳು ಫೋನ್ ಎತ್ತಿಕೊಂಡು ಜಗಲಿಗೆ ಬಂದು ನನ್ನ ಕಡೆಯೇ ನೋಡುತ್ತಾ ಮಾತಾಡಿದಳು.

"ಕವನಾಗೆ ಸೆಕೆಂಡ್ ಪಿಯು ಅಲ್ವಾ ಚೇತು. ಮಾರ್ಚಲ್ಲಿ ಎಕ್ಸಾಮು. ಕೆಳಗಡೆ ಟಿವಿ ಸದ್ದು, ಬರೋರು ಹೋಗೋರು. ಓದಕ್ಕೇ ಆಗ್ತಿಲ್ಲ ಅಂತಿದ್ಲು. ನೀನೇ ಹೇಳ್ತಿದ್ಯಲ್ಲ, ಅವಳು ಚೆನ್ನಾಗಿ ಓದ್ಬೇಕು ಅಂತ."

ಅವಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ತಪ್ಪಿದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಸೋಮವಾರ ಬೆಳಿಗ್ಗೆ ತಡೆಯಲಾಗದೆ ರಸ್ತೆ ದಾಟಿದೆ. ಅಮ್ಮ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ಕಂಡವಳೇ ಮಡಿಲಲ್ಲಿದ್ದ ಕಾಯಿ ಚೆಲ್ಲಿಕೊಂಡು ಎದ್ದುಬಂದು ಗೇಟಿನ ಚಿಲಕ ಹಿಡಿದುಕೊಂಡಳು.

"ಅಲ್ಲೇ ನಿಂತ್ಕೊ. ಒಳಗ್ ಬರ್ಬೇಡ."

"ಬರಲ್ಲಮ್ಮ. ಅಣ್ಣನ್ ಕರಿ."

ಅಣ್ಣ ಲುಂಗಿ ಕಟ್ಟಿಕೊಳ್ಳುತ್ತಾ ಬಂದ. ಗೇಟಿನ ಆಚೆ ಅವನು, ಈಚೆ ನಾನು, ನಡುವೆ ಚಿಲಕ ಹಿಡಿದ ಅಮ್ಮ.

"ರೂಮಿಗೆ ಬೀಗ ಹಾಕಿಡ್ತೀನಿ ಅಂದಿದ್ದೆ ನೀನು."

"ಎಲ್ಲಂದೆ? ಆಯ್ತು ಬಿಡು ಅಂದೆ ಅಷ್ಟೇ." ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಹುಡುಗಿ ಓದಕ್ಕೆ ಜಾಗ ಬೇಡ್ವಾ ಚೇತು? ನೀನ್ ಬಂದಾಗ ನೋಡ್ಕೊಳ್ಳೋಣ. ಇಷ್ಟ್ ದೊಡ್ಡ ಮನೆ, ನಿಂಗೆ ಮಲಗಕ್ಕೆ ಜಾಗ ಸಿಗಲ್ವಾ?"

"ಮಲಗಕ್ಕೆ ಕೇಳ್ತಿಲ್ಲ ಅಣ್ಣ. ಇರಕ್ಕೆ ಕೇಳ್ತಿದೀನಿ."

ಅಣ್ಣ ಕತ್ತು ಕೆರೆದುಕೊಂಡ. ಅವನು ಕೆಟ್ಟವನಲ್ಲ. ನನಗೆ ಡೆಂಗ್ಯೂ ಬಂದಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ಮಲಗಿದ್ದವನು. ಆದರೆ ಈ ಎರಡು ಮಾತಿಗೂ ಏನು ವ್ಯತ್ಯಾಸ ಎಂದು ಅವನಿಗೆ ಹೊಳೆಯಲೇ ಇಲ್ಲ, ಯಾಕೆಂದರೆ ಅವನು ಎಂದೂ ಅದನ್ನು ಯಾರನ್ನೂ ಕೇಳಬೇಕಾಗಿ ಬಂದಿರಲಿಲ್ಲ. ಮೇಲೆ ಕಿಟಕಿಯಲ್ಲಿ ನಿಂತಿದ್ದ ಕವನಾ ಹಿಂದಕ್ಕೆ ಸರಿದಳು.

"ಬಿಸಿಲಲ್ಲಿ ನಿಲ್ಬೇಡ, ಹೋಗು" ಎಂದಳು ಅಮ್ಮ.

ಹೋದೆ. ನೀಲಗಂಗಮ್ಮನವರ ಮನೆಯ ಮಂಚದ ಮೇಲೆ ಕೂತು, ಬರ್ಲಿನ್ನೂ ಬೇಡ ಏನೂ ಬೇಡ, ಬರುವುದಿಲ್ಲ ಎಂದು ಬರೆದುಬಿಡೋಣ ಅಂದುಕೊಂಡೆ. ಫೋನ್ ಕೈಗೂ ತೆಗೆದುಕೊಂಡೆ. ಆದರೆ ಹೋಗದೆ ಇರುವುದಾದರೂ ಎಲ್ಲಿ? ಕವನಾಳ ಟೇಬಲ್ಲು ಮತ್ತೆ ಇಳಿಸಿ, ಮಗುವಿನ ಓದು ಕೆಡಿಸಿ, ಆ ಮನೆಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತಾ ಓಡಾಡುವುದೇ? ಫೋನ್ ಕೆಳಗಿಟ್ಟೆ. ಅಷ್ಟು ಒಂಟಿ ನಾನು ಎಂದೂ ಆಗಿರಲಿಲ್ಲ, ಇನ್ನೂ ಊರು ಕೂಡ ಬಿಟ್ಟಿರಲಿಲ್ಲ.

ಮಂಗಳವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ತಯಾರಾಗಿ ಕೂತಿದ್ದೆ. ಅಲ್ಲಿ ಇಳಿದ ಕೂಡಲೇ ಚಳಿಯಂತೆ, ಅದಕ್ಕೆ ಜೀನ್ಸು, ದಪ್ಪ ಸ್ವೆಟರು. ಆಗ ಅಮ್ಮ ಮತ್ತು ಅತ್ತಿಗೆ ರಸ್ತೆ ದಾಟಿ ಬಂದರು. ಅತ್ತಿಗೆಯ ಕೈಯಲ್ಲಿ ದೊಡ್ಡ ತಟ್ಟೆ. ಅದರಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು, ಎಲೆ ಅಡಿಕೆ, ಹಸಿರು ಬಳೆ, ರವಿಕೆ ಕಣ.

ನೀಲಗಂಗಮ್ಮನವರು ಮೆತ್ತಗೆ, "ಮಡಿಲಕ್ಕಿನಾ? ಮದುವೆ ಆಗಿಲ್ವಲ್ಲ ಚಿಕ್ಕಲಕ್ಷ್ಮಮ್ಮ" ಎಂದರು.

"ಆಗಿಲ್ದಿದ್ರೆ ಏನೀಗ. ದೂರದೂರಿಗೆ ಹೋಗೋ ಹೆಣ್ಣುಮಗಳನ್ನ ಬರೀ ಮಡಿಲಲ್ಲಿ ಕಳ್ಸಕ್ಕಾಗುತ್ತಾ?" ಎಂದಳು ಅಮ್ಮ. ಅಪ್ಪ ಹೋದ ಮೇಲೆ ಇಂಥದ್ದಕ್ಕೆ ಅವಳು ತಾನಾಗಿ ಕೈ ಹಾಕುವುದಿಲ್ಲ. ಬಾಗಿಲ ಪಕ್ಕ ನಿಂತು ಅತ್ತಿಗೆಗೆ, "ತುಂಬು" ಎಂದಳು.

ಸ್ವೆಟರು ಹಾಕಿದವಳಿಗೆ ಸೆರಗು ಎಲ್ಲಿಂದ ಬರಬೇಕು. ನೀಲಗಂಗಮ್ಮನವರು ಬೀರುವಿನಿಂದ ತಮ್ಮ ಶಾಲೊಂದನ್ನು ತಂದು ನನ್ನ ಹೆಗಲಿಗೆ ಹಾಕಿ ಅಂಚನ್ನು ಕೈಗೆ ಕೊಟ್ಟರು. ನಾನು ಹಿಡಿದೆ, ಅತ್ತಿಗೆ ಬೊಗಸೆಯಲ್ಲಿ ಅಕ್ಕಿ ತುಂಬಿದಳು. ನನ್ನ ಓರಗೆಯ ಹುಡುಗಿಯರಿಗೆಲ್ಲ ಇದಾಗುವಾಗ ನಾನು ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದವಳು. ಅಕ್ಕಿ ಇಷ್ಟು ಭಾರವಿರುತ್ತದೆ ಎಂದು ಗೊತ್ತಿರಲಿಲ್ಲ. ಕವನಾ ಬಂದು ಕಾಲಿಗೆ ಬಿದ್ದಳು, "ಸಾರಿ ಅತ್ತೆ" ಎಂದಳು. ಚೆನ್ನಾಗಿ ಓದು ಎಂದು ತಲೆ ಸವರಿದೆ, ಮನಸ್ಸಿನಿಂದಲೇ ಹೇಳಿದೆ.

ಹೊರಗೆ ಅಣ್ಣ ಕಾರಿಗೆ ಸೂಟ್‌ಕೇಸ್ ಹಾಕಿಸುತ್ತಿದ್ದ. ಇನ್ನು ಕೇಳದಿದ್ದರೆ ಎಂದೂ ಕೇಳುವುದಿಲ್ಲ ಎಂದು ಅಮ್ಮನ ಹತ್ತಿರ ಹೋದೆ.

"ಅಮ್ಮ, ಅಲ್ಲಿ ನಂಗೆ ಒಗ್ಗಲಿಲ್ಲ ಅಂದ್ರೆ ಎಲ್ಲಿಗ್ ಬರ್ಲಿ?"

ಅಮ್ಮ ಎರಡೂ ಕೈಯಲ್ಲಿ ನನ್ನ ಮುಖ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಎಂಥ ಮಾತಾಡ್ತೀಯೆ. ನಾನಿರೋಗಂಟ ನಿಂಗೆ ತವರು ಇಲ್ವಾ? ಗೌರಿ ಹಬ್ಬಕ್ಕೆ ಬಾ. ಬಂದು ನಾಲ್ಕು ದಿನ ಇದ್ದು ಹೋಗು."

ಅವಳು ಅದನ್ನು ಪ್ರೀತಿಯಿಂದಲೇ ಹೇಳಿದಳು. ಅದಕ್ಕಿಂತ ಪ್ರೀತಿಯ ಮಾತು ನಮ್ಮ ಮನೆಯಲ್ಲಿ ಇಲ್ಲ. ಮದುವೆ ಮಾಡಿ ಕಳಿಸಿದ ಹೆಣ್ಣುಮಕ್ಕಳು ಬಂದು ಹೊರಡುವಾಗಲೆಲ್ಲ, ಅವರ ಅಮ್ಮಂದಿರು ಇದೇ ಮಾತನ್ನು ಹೀಗೇ ಕಣ್ಣು ತುಂಬಿಕೊಂಡು ಹೇಳುವುದನ್ನು ನಾನು ಕೇಳಿದ್ದೇನೆ. ಇಷ್ಟು ವರ್ಷ ನಾನಿದ್ದ ಮನೆ ಆ ಹೊತ್ತಿಗೆ ನನ್ನ ತವರುಮನೆಯಾಯಿತು. ಐದನೆಯ ದಿನ ಎಲ್ಲಿರಲಿ ಎಂದು ಆ ಹೆಣ್ಣುಮಕ್ಕಳಲ್ಲಿ ಒಬ್ಬರೂ ಕೇಳಿದ್ದಿಲ್ಲ.

ನಾನೂ ಕೇಳಲಿಲ್ಲ. "ಬರ್ತೀನಮ್ಮ" ಎಂದು ಅಕ್ಕಿ ಗಂಟು ಕಟ್ಟಿಕೊಂಡು ಕಾರು ಹತ್ತಿದೆ.